ಎರಡನೆಯ ದೊಡ್ಡ ಗುಮ್ಮಟ

ವಿಜಯಪುರದ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ ನಾನು, ವೃತ್ತದ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಒಂದು ವಾಕ್ಯವನ್ನು ತಪ್ಪದೆ ಹೇಳುತ್ತಿದ್ದೆ: ರೋಮ್‌ನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟವೊಂದನ್ನು ಬಿಟ್ಟರೆ ನಮ್ಮ ಗೋಳಗುಮ್ಮಟವೇ ಜಗತ್ತಿನಲ್ಲಿ ದೊಡ್ಡದು. ನನಗೆ ಇದನ್ನು ಹೇಳಿದವರು ನಮ್ಮ ಮಾಸ್ತರು. ಅವರಿಗೆ ಹೇಳಿದವರು ಅವರ ಮಾಸ್ತರಿರಬೇಕು. ಟಾಂಗಾದವರಿಂದ ಹಿಡಿದು ಗೈಡುಗಳವರೆಗೆ ಊರಿನವರೆಲ್ಲ ಹೇಳುವ ಮಾತಿಗೆ ಸಾಕ್ಷಿ ಕೇಳುವವರು ಯಾರು? ನಿವೃತ್ತಿಯಾದ ಎರಡನೆಯ ವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು “ಅಪ್ಪಾ, ಅಮ್ಮನ್ನ ಕರ್ಕೊಂಡು ಎಲ್ಲಾದ್ರೂ ಹೊರದೇಶಕ್ಕೆ ಹೋಗಿ ಬನ್ನಿ, ವಿಮಾನದ ಟಿಕೆಟ್ ನಾನು ಮಾಡಿಸ್ತೀನಿ” ಎಂದಾಗ ನನ್ನ ಬಾಯಿಂದ ಸಿಂಗಪುರವೂ ಬರಲಿಲ್ಲ, ದುಬೈಯೂ ಬರಲಿಲ್ಲ. ರೋಮ್ ಎಂದುಬಿಟ್ಟೆ. ಇಷ್ಟು ವರ್ಷ ಹೇಳಿದ ವಾಕ್ಯವನ್ನು ಒಮ್ಮೆ ಕಣ್ಣಾರೆ ತಾಳೆ ನೋಡಿ ಬರಬೇಕೆಂಬ ಆಸೆ ಒಳಗೆಲ್ಲೋ ಇದ್ದಿರಬೇಕು.

ಹೋಗುವ ಮೊದಲಿನ ಎರಡು ತಿಂಗಳು ಹೋಗಿ ಬಂದ ಹತ್ತು ದಿನಗಳಿಗಿಂತ ಹೆಚ್ಚು ದಣಿಸಿದವು. ಇಟಲಿಗೆ ಹೋಗಲು ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಬೇಕು. ಶುಲ್ಕ ತಲೆಗೆ 90 ಯೂರೊ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ, ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ, ಬ್ಯಾಂಕಿನ ಲೆಕ್ಕಪಟ್ಟಿ, ಪ್ರತಿ ರಾತ್ರಿ ಎಲ್ಲಿ ಮಲಗುತ್ತೇವೆ ಎಂಬುದರ ದಾಖಲೆ. ಪಿಂಚಣಿ ಪತ್ರವನ್ನು ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಿಸಿ ಮುದ್ರೆ ಹಾಕಿಸಿದ್ದೂ ಆಯಿತು. ಇವೆಲ್ಲ ಹಣ ಮತ್ತು ಓಡಾಟದಿಂದ ಬಗೆಹರಿಯುವ ಸಂಗತಿಗಳು. ಬಗೆಹರಿಯದೆ ನಿಂತದ್ದು ನನ್ನ ಹೆಂಡತಿಯ ಹೆಸರು. ಅವಳು ಹಾಸನದ ಕಡೆಯವಳು. ಅವಳ ತವರಿನಲ್ಲಿ ಅಡ್ಡಹೆಸರಿನ ರೂಢಿಯೇ ಇಲ್ಲ. ಶಾಲೆಯ ದಾಖಲೆಯಲ್ಲಿ ಒಂದೇ ಹೆಸರು, ಅದರಂತೆ ಪಾಸ್‌ಪೋರ್ಟಿನಲ್ಲಿಯೂ ಒಂದೇ ಹೆಸರು, ಅಡ್ಡಹೆಸರಿನ ಜಾಗ ಖಾಲಿ. ಆದರೆ ಟಿಕೆಟ್ ಮಾರುವ ಕಂಪ್ಯೂಟರುಗಳಿಗೆ ಖಾಲಿ ಜಾಗ ಸಹಿಸದು. ಕೊನೆಗೆ ಮಗಳು ಎರಡೂ ಕಡೆ ಅದೇ ಹೆಸರನ್ನು ತುಂಬಿದಳು. ಹಾಗಾಗಿ ಇಡೀ ಪ್ರವಾಸದುದ್ದಕ್ಕೂ ನನ್ನ ಹೆಂಡತಿಯ ಹೆಸರು ಜಪದಂತೆ ಎರಡೆರಡು ಸಲ ಅಚ್ಚಾಗಿತ್ತು.

2024ರ ಸೆಪ್ಟೆಂಬರ್ ಕೊನೆಯ ವಾರ ವಿಜಯಪುರದಿಂದ ಹೊರಟೆವು. ನಮ್ಮನ್ನು ಬೆಂಗಳೂರಿಗೆ ತಂದ ರೈಲಿನ ಹೆಸರೂ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಎಂಬುದನ್ನು ಹೆಂಡತಿ ಶುಭಶಕುನವೆಂದಳು. ಕೈಚೀಲದಲ್ಲಿ ಇಪ್ಪತ್ತು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಕೊಲ್ಲಿಯ ಊರೊಂದರಲ್ಲಿ ವಿಮಾನ ಬದಲಿಸಿ, ರೋಮ್‌ನ ಫಿಯುಮಿಚೀನೊ ನಿಲ್ದಾಣದಲ್ಲಿ ಇಳಿದು, ಅರ್ಧ ಗಂಟೆಯ ರೈಲಿನಲ್ಲಿ ಊರೊಳಗಿನ ರೈಲು ನಿಲ್ದಾಣ ತೆರ್ಮಿನಿ ಸೇರಿ, ಅಲ್ಲಿಂದ ನಡೆದುಹೋಗುವಷ್ಟು ದೂರದ ಸಣ್ಣ ಹೋಟೆಲಿನಲ್ಲಿ ಗಂಟು ಇಳಿಸಿದೆವು. ಆ ಸಂಜೆ ಏನನ್ನೂ ನೋಡಲಿಲ್ಲ. ನೋಡುವ ಶಕ್ತಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲು ಹೋದದ್ದು ಪ್ರಾಚೀನ ರೋಮನ್ ದೇಗುಲವಾದ ಪ್ಯಾಂಥಿಯನ್‌ಗೆ. ಅದು ನಾನು ಮಕ್ಕಳಿಗೆ ಹೇಳುತ್ತಿದ್ದ ವಾಕ್ಯದಲ್ಲಿ ಇರಲೇ ಇಲ್ಲ. ಹೋಟೆಲಿಗೆ ಹತ್ತಿರದ ದಾರಿಯೆಂದು ಹೋದೆವು. ಆಗ 5 ಯೂರೊ ಟಿಕೆಟ್; 2023ರವರೆಗೆ ಅದೂ ಇರಲಿಲ್ಲವಂತೆ. ಈಜಿಪ್ಟಿನಿಂದ ತಂದ ಗ್ರಾನೈಟಿನ ಹದಿನಾರು ಕಂಬಗಳ ಮುಖಮಂಟಪ ದಾಟಿ ಒಳಗೆ ಕಾಲಿಟ್ಟು ಕತ್ತೆತ್ತಿದವನು, ಎಷ್ಟು ಹೊತ್ತೆಂದು ಹೇಳಲಾರೆ, ಹಾಗೆಯೇ ನಿಂತೆ. ಒಳಗಿನ ಗುಮ್ಮಟದ ವ್ಯಾಸ 43.3 ಮೀಟರ್, ನೆಲದಿಂದ ನೆತ್ತಿಯ ಕಂಡಿಯವರೆಗಿನ ಎತ್ತರವೂ ಅಷ್ಟೇ. ಅಂದರೆ ಆ ಕಟ್ಟಡದೊಳಗೆ ಒಂದು ಪೂರ್ಣ ಗೋಳವನ್ನು ಇಳಿಬಿಟ್ಟರೆ ಅದು ನೆಲವನ್ನು ಸರಿಯಾಗಿ ಮುಟ್ಟಿ ನಿಲ್ಲುತ್ತದೆ. ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ನೂರಾರು ಸಲ ಬರೆದ ಚಿತ್ರದೊಳಗೆ ನಾನೇ ನಿಂತಿದ್ದೆ. ನಮ್ಮ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಇದು 43. ಇದನ್ನು ಹೇಡ್ರಿಯನ್ ಚಕ್ರವರ್ತಿ ಕಟ್ಟಿ ಮುಗಿಸಿದ್ದು ಕ್ರಿ.ಶ. 126ರ ಸುಮಾರಿಗೆ, ನಮ್ಮದು ಪೂರ್ಣಗೊಂಡದ್ದು 1656ರಲ್ಲಿ. ಒಂದೂವರೆ ಸಾವಿರ ವರ್ಷ ಮೊದಲೇ ನಮಗಿಂತ ಐದು ಮೀಟರ್ ಅಗಲದ ಗುಮ್ಮಟವೊಂದು ಸದ್ದಿಲ್ಲದೆ ಇಲ್ಲಿ ನಿಂತಿತ್ತು. ಪ್ರವಾಸದ ಮೊದಲ ಬೆಳಿಗ್ಗೆ, ಸೇಂಟ್ ಪೀಟರ್ಸ್ ತಲುಪುವ ಮುನ್ನವೇ, ಮೂವತ್ತೊಂದು ವರ್ಷದ ವಾಕ್ಯ ಉರುಳಿಬಿತ್ತು.

ಹೆಂಡತಿಗೆ ಹೇಳಿದೆ. ಅವಳು ಮೇಲೆ ನೋಡಿ, ಸುತ್ತ ನೋಡಿ, “ರೀ, ಇಲ್ಲಿ ಒಂದ್ಸಲ ಚಪ್ಪಾಳೆ ತಟ್ಟಿ ನೋಡ್ಬೇಕು” ಎಂದಳು. ಅಷ್ಟರಲ್ಲಿ ಧ್ವನಿವರ್ಧಕದಿಂದ ನಾಲ್ಕಾರು ಭಾಷೆಗಳಲ್ಲಿ ಮೌನವಾಗಿರಿ ಎಂಬ ಪ್ರಕಟಣೆ ಬಂತು. ಅದು 609ರಿಂದ ಚರ್ಚು. ಚಿತ್ರಕಾರ ರಾಫೆಲ್‌ನ ಸಮಾಧಿಯೂ ಅಲ್ಲಿದೆ. ನಮ್ಮೂರಿನಲ್ಲಿಯೂ ಗುಮ್ಮಟದ ಕೆಳಗಿರುವುದು ಸಮಾಧಿಯೇ, ಮೊಹಮ್ಮದ್ ಆದಿಲ್‌ಶಾಹನದು. ಆದರೆ ಅಲ್ಲಿ ಬಂದವರೆಲ್ಲರೂ ಗಂಟಲು ಹರಿಯುವಂತೆ ಕೂಗುವುದೇ ಪದ್ಧತಿ. ಇದು ಸರಿ, ಅದು ತಪ್ಪು ಎಂದು ನಾನು ಹೇಳಲಾರೆ. ಕೂಗಿದ್ದು ಏಳು ಸಲ ಮರಳಿ ಬರುವ ಕಟ್ಟಡದಲ್ಲಿ ಬಾಯಿ ಮುಚ್ಚಿಕೊಂಡಿರು ಎಂದರೆ ಯಾವ ಮಗು ಕೇಳೀತು?

ಪ್ಯಾಂಥಿಯನ್‌ನಲ್ಲಿ ನಾವು ಅರ್ಧ ಗಂಟೆಯೆಂದು ಲೆಕ್ಕ ಹಾಕಿದ್ದೆವು. ಎರಡು ಗಂಟೆ ಕಳೆದೆವು. ನೆತ್ತಿಯಲ್ಲಿ ಎಂಟು-ಒಂಬತ್ತು ಮೀಟರ್ ಅಗಲದ ಕಂಡಿಯಿದೆ, ಅದಕ್ಕೆ ಮುಚ್ಚಳವಿಲ್ಲ. ಬೆಳಿಗ್ಗೆ ಒಂಬತ್ತೂವರೆಯ ಬಿಸಿಲು ಅದರೊಳಗಿಂದ ಓರೆಯಾಗಿ ಇಳಿದು, ಎದುರಿನ ಚೌಕ ಗುಳಿಗಳ ಸಾಲಿನ ಮೇಲೆ ದೊಡ್ಡ ರೊಟ್ಟಿಯಂತೆ ಅಂಟಿಕೊಂಡಿತ್ತು. ಆ ಗುಳಿಗಳು ಐದು ಸಾಲು, ಸಾಲಿಗೆ ಇಪ್ಪತ್ತೆಂಟು, ಎಣಿಸಿ ನೋಡಿದೆ. ಒಂದು ಗುಳಿಯನ್ನು ಗುರುತಿಟ್ಟುಕೊಂಡು ಗೋಡೆಗೆ ಒರಗಿ ಕಾದೆ. ಬಿಸಿಲಿನ ಅಂಚು ಆ ಗುಳಿಯ ಒಂದು ಮೂಲೆಯನ್ನು ಬಿಟ್ಟು ಕೆಳಗೆ, ಬಾಗಿಲಿನ ಕಡೆಗೆ, ಸರಿಯುವುದು ಕಣ್ಣಿಗೇ ಕಾಣುತ್ತಿತ್ತು. ಭೂಮಿ ತಿರುಗುವುದನ್ನು ನಾನು ಪಾಠ ಮಾಡಿದ್ದೆನೇ ಹೊರತು ಹೀಗೆ ನೋಡಿರಲಿಲ್ಲ. ನೆಲದ ನಡುವೆ ಅಮೃತಶಿಲೆಯಲ್ಲಿ ಬೆರಳು ಹೋಗುವಷ್ಟರ ಸಣ್ಣ ತೂತುಗಳಿವೆ. ಕಂಡಿಯಿಂದ ಬೀಳುವ ಮಳೆನೀರು ಹರಿದುಹೋಗುವುದು ಅಲ್ಲಿಂದ. ಗುಮ್ಮಟ ಕಾಂಕ್ರೀಟಿನದು, ಒಳಗೆ ಕಬ್ಬಿಣದ ಸರಳಿಲ್ಲ. ಬುಡದ ಗೋಡೆ ಸುಮಾರು 6 ಮೀಟರ್ ದಪ್ಪ. ಮೇಲೆ ಹೋದಂತೆ ತೆಳ್ಳಗಾಗಿಸಿ, ಕಾಂಕ್ರೀಟಿಗೆ ಭಾರದ ಜಲ್ಲಿಯ ಬದಲು ಹಗುರವಾದ ಜ್ವಾಲಾಮುಖಿಯ ಕಲ್ಲು ಬೆರೆಸಿ ತೂಕ ಇಳಿಸಿದ್ದಾರೆ. ಮುಖಮಂಟಪದ ಮಾಡಿನ ಕಂಚನ್ನು 17ನೆಯ ಶತಮಾನದಲ್ಲಿ ಪೋಪ್ 8ನೆಯ ಅರ್ಬನ್ ಕೀಳಿಸಿ, ಅದರ ಬಹುಪಾಲನ್ನು ಫಿರಂಗಿ ಎರಕಕ್ಕೆ ಕೊಟ್ಟನಂತೆ. ಮಲಿಕ್-ಎ-ಮೈದಾನ್ ತೋಪಿನ ಊರಿನಿಂದ ಬಂದ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅರಸರಿಗೆ ಕಂಚು ಕಂಡರೆ ನೆನಪಾಗುವುದು ತೋಪೇ.

ಮೂರನೆಯ ದಿನ ಪ್ರಾಚೀನ ರೋಮನ್ನರ ಕ್ರೀಡಾಂಗಣವಾದ ಕೊಲೋಸಿಯಂ. ಅದರ ಟಿಕೆಟನ್ನು ತಿಂಗಳ ಮೊದಲೇ ಅಂತರ್ಜಾಲದಲ್ಲಿ ತೆಗೆಯಬೇಕು, ಒಳಹೋಗುವ ಹೊತ್ತನ್ನೂ ಆಗಲೇ ಗೊತ್ತುಮಾಡಬೇಕು, ಟಿಕೆಟಿನ ಮೇಲೆ ಹೆಸರಿರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟಿನೊಡನೆ ತಾಳೆ ನೋಡುತ್ತಾರೆ. ನನ್ನ ಹೆಂಡತಿಯ ಹೆಸರು ಟಿಕೆಟಿನಲ್ಲಿ ಎರಡು ಸಲ, ಪಾಸ್‌ಪೋರ್ಟಿನಲ್ಲಿ ಒಂದು ಸಲ. ಕಾವಲಿನಾತ ಎರಡನ್ನೂ ನೋಡಿ, ಹೆಸರನ್ನು ತನ್ನ ಉಚ್ಚಾರಣೆಯಲ್ಲಿ ಎರಡು ಸಲ ರಾಗವಾಗಿ ಹೇಳಿ, ನಕ್ಕು ಒಳಗೆ ಬಿಟ್ಟ. ಎರಡು ತಿಂಗಳಿಂದ ಹೊತ್ತಿದ್ದ ಹೆದರಿಕೆ ಅಲ್ಲಿಗೆ ಕಳೆಯಿತು.

ಕೊಲೋಸಿಯಂ ಬಗ್ಗೆ ಬರೆಯಬೇಕಾದುದನ್ನೆಲ್ಲ ಬೇರೆಯವರು ಬರೆದಿದ್ದಾರೆ. ಚಕ್ರವರ್ತಿ ವೆಸ್ಪೇಸಿಯನ್ ಆರಂಭಿಸಿ ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟಿಸಿದ್ದು, ಎಂಬತ್ತು ಕಮಾನುಗಳ ಪ್ರವೇಶದ್ವಾರಗಳು, ಇತ್ಯಾದಿ. ನನ್ನ ಕಣ್ಣು ಸಿಕ್ಕಿಕೊಂಡದ್ದು ಎರಡು ಕಡೆ. ಹೊರಗೋಡೆಯ ತುಂಬ ಯಾರೋ ಉಳಿಯಿಂದ ಕೊರೆದಂತೆ ತೂತುಗಳಿವೆ. ಕಲ್ಲು ಕಲ್ಲನ್ನು ಹಿಡಿದಿಟ್ಟಿದ್ದ ಕಬ್ಬಿಣದ ಕೊಂಡಿಗಳನ್ನು ಮಧ್ಯಯುಗದ ಜನ ತೋಡಿ ಒಯ್ದ ಗುರುತು ಅದು. ಕಬ್ಬಿಣ ಹೋದರೂ ಈ ಭಾಗದ ಗೋಡೆ ನಿಂತಿದೆ. ಇನ್ನೊಂದು, ಹೊರಸುತ್ತು ಉಳಿದಿರುವ ಭಾಗದಲ್ಲಿ ಕಮಾನುಗಳ ತಲೆಯ ಮೇಲೆ ಕೆತ್ತಿರುವ ಅಂಕಿಗಳು. ಯಾವ ಬಾಗಿಲಿನಿಂದ ಹೋಗಬೇಕೆಂದು ಪ್ರೇಕ್ಷಕನ ಟಿಕೆಟಿನಲ್ಲಿ ಇರುತ್ತಿತ್ತಂತೆ. ಐವತ್ತು ಸಾವಿರಕ್ಕೂ ಮಿಕ್ಕ ಜನ ನುಗ್ಗಾಟವಿಲ್ಲದೆ ಒಳಸೇರಲು ಮಾಡಿದ ಏರ್ಪಾಡು. ನಾವಾದರೋ ಹೊತ್ತು ಗೊತ್ತಾಗಿರುವ ಟಿಕೆಟ್ ಹಿಡಿದೂ ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತಿದ್ದೆವು. ಅದೇ ಟಿಕೆಟಿನಲ್ಲಿ ಹಳೆಯ ರೋಮ್‌ನ ಅವಶೇಷಗಳಿರುವ ಫೋರಂ ಮತ್ತು ಪ್ಯಾಲಟೈನ್ ಗುಡ್ಡವನ್ನೂ ನೋಡಬಹುದು. ನೋಡಿದೆವು. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ, ಕಾಲು ಸೋತ ಮೇಲೆ, ಎಲ್ಲ ಬಿದ್ದ ಕಂಬಗಳೂ ಒಂದೇ ಬಗೆಯಾಗಿ ಕಂಡವೆಂದು ಒಪ್ಪಿಕೊಳ್ಳುತ್ತೇನೆ.

ಕಾಲು ಸೋಲಲು ರೋಮ್‌ನ ಬೀದಿಯೂ ಕಾರಣ. ಹಳೆಯ ಊರಿನ ದಾರಿಗಳಿಗೆಲ್ಲ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಕರಿಕಲ್ಲಿನ ತುಂಡುಗಳನ್ನು ಜೋಡಿಸಿದ್ದಾರೆ. ಅವುಗಳ ಮೇಲೆ ನಾಲ್ಕು ಕಿಲೋಮೀಟರ್ ನಡೆದರೆ ಡಾಂಬರಿನ ಮೇಲೆ ಎಂಟು ನಡೆದಷ್ಟು ನೋವು. ನಾನು ಚಪ್ಪಲಿಯಲ್ಲಿ ಹೋದವನು ಎರಡನೆಯ ದಿನವೇ ಬೂಟು ಕೊಂಡೆ. ಇದಕ್ಕೆ ಪರಿಹಾರವೆಂಬಂತೆ ಆ ಊರಿನ ಬೀದಿಬೀದಿಯಲ್ಲಿ ಎರಕದ ಕಬ್ಬಿಣದ ಗಿಡ್ಡ ನಲ್ಲಿಕಂಬಗಳಿವೆ. ಮೂಗಿನಂತೆ ಬಾಗಿದ ಕೊಳವೆಯಿಂದ ತಣ್ಣನೆಯ ನೀರು ಹಗಲೂ ರಾತ್ರಿ ಸುರಿಯುತ್ತಿರುತ್ತದೆ. ಊರಿನವರು ಅದಕ್ಕೆ ‘ನಸೋನೆ’, ದೊಡ್ಡ ಮೂಗು, ಎನ್ನುತ್ತಾರೆ. ಬಾಗಿ ಕುಡಿಯಲು ಹೆಣಗುತ್ತಿದ್ದ ನನ್ನ ಹೆಂಡತಿಯನ್ನು ನೋಡಿ, ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಬಂದು, ತನ್ನ ಬೆರಳಿನಿಂದ ಕೊಳವೆಯ ಬಾಯನ್ನು ಒತ್ತಿ ಹಿಡಿದಳು. ಕೊಳವೆಯ ಬೆನ್ನಿನ ಮೇಲಿದ್ದ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಮೇಲೆ ಚಿಮ್ಮಿ, ನೇರ ಬಾಯಿಗೆ ಬಂತು. ಭಾಷೆ ಒಂದಕ್ಷರವೂ ಬರದ ಇಬ್ಬರು ಹೆಂಗಸರು ನಲ್ಲಿಯ ಎದುರು ನಿಂತು ನಕ್ಕ ನಗುವಿಗೆ ಸಮನಾದದ್ದನ್ನು ನಾನು ಯಾವ ವಸ್ತುಸಂಗ್ರಹಾಲಯದಲ್ಲಿಯೂ ಕಾಣಲಿಲ್ಲ.

ನಾಲ್ಕನೆಯ ದಿನ, ಕೊನೆಗೂ, ಸೇಂಟ್ ಪೀಟರ್ಸ್. ಭುಜ ಮತ್ತು ಮೊಣಕಾಲು ಮುಚ್ಚುವಂತಿರಬೇಕೆಂಬ ಅಲ್ಲಿಯ ನಿಯಮ ಸೀರೆ ಉಟ್ಟವಳಿಗೆ ತೊಡಕಾಗಲಿಲ್ಲ. ಗುಮ್ಮಟದ ತುದಿಗೆ 551 ಮೆಟ್ಟಿಲು. ಸ್ವಲ್ಪ ಹೆಚ್ಚು ಕೊಟ್ಟರೆ ಮೊದಲ ಭಾಗಕ್ಕೆ ಲಿಫ್ಟ್ ಇದೆ, ಆಮೇಲೆ 320 ಮೆಟ್ಟಿಲನ್ನು ಹತ್ತಲೇಬೇಕು. ಲಿಫ್ಟ್ ಇಳಿದು ಮೊದಲು ತಲುಪುವುದು ಗುಮ್ಮಟದ ಬುಡದ ಒಳಮೊಗಸಾಲೆಗೆ. ಅಲ್ಲಿಂದ ಕೆಳಗೆ ನೋಡಿದರೆ ಜನ ಇರುವೆಗಳಂತೆ. ಶಿಲ್ಪಿ ಬರ್ನಿನಿಯ ಕಂಚಿನ ಮಂಟಪ ಆ ದಿನಗಳಲ್ಲಿ ಜೀರ್ಣೋದ್ಧಾರಕ್ಕಾಗಿ ಸಾರುವೆಯೊಳಗೆ ಮುಚ್ಚಿಹೋಗಿತ್ತು. ಗೋಳಗುಮ್ಮಟದ ಪಿಸುಗುಡುವ ಮೊಗಸಾಲೆಯಲ್ಲಿ ಬೆಳೆದ ಅಭ್ಯಾಸಬಲದಿಂದ ನಾನು ಗೋಡೆಗೆ ಕಿವಿಯಿಟ್ಟೆ. ಹಿಂದಿನವರು ಮುಂದೆ ಹೋಗಿ ಎಂದು ತಳ್ಳಿದರು. ಅಲ್ಲಿಂದ ಮೇಲಿನ ದಾರಿ ಗುಮ್ಮಟದ ಎರಡು ಪದರಗಳ ನಡುವಿನದು. ಗೋಡೆ ಗುಮ್ಮಟದೊಡನೆ ಬಾಗುತ್ತ ಹೋಗುವುದರಿಂದ ನಾವೂ ಒಂದು ಬದಿಗೆ ವಾಲಿಕೊಂಡೇ ಹತ್ತಬೇಕು; ಕೊನೆಯ ಸುತ್ತಿನಲ್ಲಿ ಕೈಹಿಡಿಯಲು ಹಗ್ಗ ಇಳಿಬಿಟ್ಟಿದ್ದಾರೆ.

ಈ ಗುಮ್ಮಟದ ವ್ಯಾಸ ಸುಮಾರು 42 ಮೀಟರ್. ಅಂದರೆ ಪ್ಯಾಂಥಿಯನ್‌ಗಿಂತ ತುಸು ಕಡಿಮೆ. ಎತ್ತರದಲ್ಲಿ ಮಾತ್ರ ಇದನ್ನು ಮೀರಿಸುವುದು ಕಷ್ಟ: ಶಿಲುಬೆಯ ತುದಿಯವರೆಗೆ 136 ಮೀಟರ್. ವಿನ್ಯಾಸ ಮೈಕೆಲೆಂಜೆಲೊನದು, ಅವನು ತೀರಿಕೊಂಡ ಮೇಲೆ, 1590ರಲ್ಲಿ, ಜಾಕೊಮೊ ಡೆಲ್ಲಾ ಪೋರ್ತಾ ಅದನ್ನು ಮುಗಿಸಿದ. ಒಂದೂವರೆ ಶತಮಾನದಲ್ಲಿ ಗುಮ್ಮಟ ಬಿರುಕು ಬಿಟ್ಟಿತು. ಆಗ, 1742ರಲ್ಲಿ, ಪೋಪ್ ಸಲಹೆ ಕೇಳಿದ್ದು ಮೂವರು ಗಣಿತಜ್ಞರನ್ನು! ಅವರ ಬಳಿಕ ಪಾದುವಾದ ಪ್ರಾಧ್ಯಾಪಕ ಪೊಲೇನಿ, ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು, ಅದು ಜೋತು ನಿಲ್ಲುವ ಆಕಾರವನ್ನು ತಲೆಕೆಳಗು ಮಾಡಿ ಗುಮ್ಮಟದ ಆಕಾರಕ್ಕೆ ಹೋಲಿಸಿ ನೋಡಿ, ಬೀಳುವ ಭಯವಿಲ್ಲವೆಂದೂ ಕಬ್ಬಿಣದ ಬಳೆಗಳನ್ನು ತೊಡಿಸಿದರೆ ಸಾಕೆಂದೂ ಹೇಳಿದ. ಬಳೆ ತೊಡಿಸಿದರು; ಗುಮ್ಮಟ ನಿಂತಿದೆ. ಮೂವತ್ತೊಂದು ವರ್ಷದಲ್ಲಿ “ಸರ್, ಈ ಲೆಕ್ಕದಿಂದ ಏನು ಉಪಯೋಗ?” ಎಂದು ಕೇಳಿದ ಪ್ರತಿಯೊಬ್ಬ ಹುಡುಗನನ್ನೂ ಆ ತುದಿಯಲ್ಲಿ ನೆನೆಸಿಕೊಂಡೆ.

ಮರುದಿನದ ವ್ಯಾಟಿಕನ್ ವಸ್ತುಸಂಗ್ರಹಾಲಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಅಲ್ಲಿಯ ಪ್ರಾರ್ಥನಾಮಂದಿರ ಸಿಸ್ಟೀನ್ ಚಾಪೆಲ್ಲಿನ ಒಳಚಾವಣಿಯ ಚಿತ್ರಗಳನ್ನು ಮೈಕೆಲೆಂಜೆಲೊ 1508ರಿಂದ 1512ರವರೆಗೆ ಕತ್ತೆತ್ತಿಕೊಂಡೇ ಬರೆದ; ನಾವು ಇಪ್ಪತ್ತು ನಿಮಿಷ ಕತ್ತೆತ್ತಿ ಕತ್ತುನೋವು ತಂದುಕೊಂಡೆವು. ಅಲ್ಲಿಯೂ ಕಾವಲಿನವರು ನಿಮಿಷಕ್ಕೊಮ್ಮೆ ಮೌನ ಮೌನ ಎಂದು ಕೂಗಿ ಮೌನವನ್ನು ಮುರಿಯುತ್ತಿದ್ದರು.

ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ನಿಜ ಹೇಳಬೇಕೆಂದರೆ ನನಗೆ ಆ ಊರು ಪಟ್ಟಿಯಲ್ಲಿ ಸುಮ್ಮನೆ ಸೇರಿದ್ದಾಗಿತ್ತು, ಮಗಳ ಆಯ್ಕೆ. ರೈಲು ನಿಲ್ದಾಣದಿಂದ ಗಂಟು ಎಳೆಯುತ್ತ ಓಣಿಯೊಂದರ ತಿರುವಿನಲ್ಲಿ ತಲೆ ಎತ್ತಿದಾಗ ಮನೆಗಳ ಸಂದಿಯಲ್ಲಿ ಕೆಂಪು ಹೆಂಚಿನ ಬೆಟ್ಟವೊಂದು ಕಂಡಿತು. ಬೆಟ್ಟವೆಂದು ಬರೆದದ್ದು ಅಲಂಕಾರಕ್ಕಲ್ಲ. ಅಷ್ಟು ಸಣ್ಣ ಓಣಿಯ ಕೊನೆಯಲ್ಲಿ ಅಷ್ಟು ದೊಡ್ಡದೊಂದು ನಿಂತಿರಬಹುದೆಂದು ಕಣ್ಣು ನಂಬಲಿಲ್ಲ. ಅದು ಸಾಂತಾ ಮರಿಯಾ ಡೆಲ್ ಫಿಯೋರೆ ಚರ್ಚಿನ ಗುಮ್ಮಟ. ಆ ಚರ್ಚನ್ನು 1296ರಲ್ಲಿ ಕಟ್ಟತೊಡಗಿದರು. ಗುಮ್ಮಟ ಕೂರಬೇಕಾದ ಎಂಟು ಮೂಲೆಯ ಬಯಲನ್ನು ಬಿಟ್ಟು ಉಳಿದದ್ದೆಲ್ಲ ಎದ್ದಿತು. ಮೂಲೆಯಿಂದ ಮೂಲೆಗೆ ಸುಮಾರು 45 ಮೀಟರ್ ಇರುವ ಆ ಬಾಯನ್ನು ಮುಚ್ಚುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. 1418ರಲ್ಲಿ ಸ್ಪರ್ಧೆ ಏರ್ಪಡಿಸಿದರು. ನೆಲದಿಂದ ಸಾರುವೆಯನ್ನೇ ಎಬ್ಬಿಸದೆ ಕಟ್ಟುತ್ತೇನೆಂದ ಅಕ್ಕಸಾಲಿಗ ಬ್ರುನೆಲೆಸ್ಕಿಗೆ ಕೆಲಸ ದಕ್ಕಿತು. 1420ರಲ್ಲಿ ತೊಡಗಿ 1436ರಲ್ಲಿ ಮುಗಿಸಿದ.

ಆ ಗುಮ್ಮಟ ಹತ್ತಲು ದಿನ ಮತ್ತು ಹೊತ್ತು ಗೊತ್ತುಮಾಡಿಯೇ ಟಿಕೆಟ್ ತೆಗೆಯಬೇಕು. ತೆಗೆದ ಮೇಲೆ ಬದಲಿಸಲಾಗದು. 30 ಯೂರೊ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 2,800 ರೂಪಾಯಿ, ತಲಾ. ನಾನು ಡೈರಿಯಲ್ಲಿ ‘ಸಂಜೆ 5.45’ ಎಂದು ಬರೆದಿಟ್ಟುಕೊಂಡಿದ್ದೆ. ಮಧ್ಯಾಹ್ನವೆಲ್ಲ ಆರ್ನೊ ನದಿಯ ದಂಡೆಯಲ್ಲಿ ನಿಧಾನವಾಗಿ ತಿರುಗಾಡಿ, 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಊರಿನ ಉಳಿದ ಸೇತುವೆಗಳನ್ನೆಲ್ಲ ಉಡಾಯಿಸಿದಾಗಲೂ ಉಳಿದ ಪೊಂತೆ ವೆಕ್ಕಿಯೊ ಸೇತುವೆಯ ಚಿನ್ನದಂಗಡಿಗಳನ್ನು ನೋಡಿ, ಐದೂವರೆಗೆ ಸರಿಯಾಗಿ ಗುಮ್ಮಟದ ಬಾಗಿಲಲ್ಲಿ ಹಾಜರಾದೆವು. ಬಾಗಿಲಲ್ಲಿದ್ದ ಹುಡುಗಿ ನನ್ನ ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ಫೋನಿನ ಪರದೆಯನ್ನು ನನ್ನ ಕಡೆ ತಿರುಗಿಸಿ ಒಂದು ಅಂಕಿಯ ಮೇಲೆ ಬೆರಳಿಟ್ಟಳು. 15:45. ನನ್ನ ಕನ್ನಡಕಕ್ಕೆ ಆ ಒಂದು ಎಂಬ ಅಂಕಿ ಕಂಡೇ ಇರಲಿಲ್ಲ. ಮೂರೂ ಮುಕ್ಕಾಲು ಗಂಟೆಯ ಹೊತ್ತನ್ನು ಐದೂ ಮುಕ್ಕಾಲು ಎಂದು ಓದಿ, ಅರವತ್ತು ಯೂರೊವನ್ನು ನದಿಯ ದಂಡೆಯಲ್ಲಿ ಕಳೆದುಬಂದಿದ್ದೆ. ಹೆಂಡತಿ ಏನೂ ಹೇಳಲಿಲ್ಲ. ಹೋಟೆಲಿನ ಬಾಗಿಲ ಬಳಿ ಮಾತ್ರ, “ಗಣಿತದ ಮೇಷ್ಟ್ರು” ಎಂದು ತನ್ನಷ್ಟಕ್ಕೇ ಎಂಬಂತೆ ಅಂದಳು.

ಆ ರಾತ್ರಿ ಊಟಕ್ಕೆ ಹೊರಗೆ ಹೋಗುವ ಮನಸ್ಸಾಗಲಿಲ್ಲ. ಬೇಕರಿಯಿಂದ ತಂದ ಬ್ರೆಡ್ಡಿನಲ್ಲಿ ಉಪ್ಪೇ ಇರಲಿಲ್ಲ. ಟಸ್ಕನಿಯ ಬ್ರೆಡ್ಡು ಹಾಗೆಯೇ, ಅಲ್ಲಿಯವರು ಉಪ್ಪು ಹಾಕುವುದಿಲ್ಲವೆಂದು ಆಮೇಲೆ ತಿಳಿಯಿತು. ಅದಕ್ಕೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದಂತಿದ್ದವು. ಹೊಟ್ಟೆ ತುಂಬಿದ ಮೇಲೆ ಟಿಕೆಟಿಗಾಗಿ ಫೋನಿನಲ್ಲಿ ಹುಡುಕಿದೆ. ನಮ್ಮ ಕೊನೆಯ ಬೆಳಿಗ್ಗೆ, ಎಂಟೂ ಕಾಲಿಗೆ, ಒಂದೇ ಒಂದು ಜಾಗ ಉಳಿದಿತ್ತು. “ನೀವು ಹೋಗಿ ಬನ್ನಿ. ನಾನು ಕೆಳಗೆ ಕೂತು ನೋಡ್ತಿರ್ತೀನಿ” ಎಂದಳು. ಈ ಸಲ ಅಂಕಿಯನ್ನು ಅವಳೇ ಓದಿ, ಅವಳೇ ಬರೆದಿಟ್ಟಳು.

ನಡುವಿನ ಎರಡು ದಿನ ನೋಡಿದ್ದು ಬೇಕಾದಷ್ಟಿದೆ. ಅಕಾಡೆಮಿಯಾ ಗ್ಯಾಲರಿಯಲ್ಲಿರುವ, ಮೈಕೆಲೆಂಜೆಲೊ ಕಡೆದ ದಾವೀದ ಮೂರ್ತಿಯ ಎತ್ತರ 5.17 ಮೀಟರ್. ಮೊದಲು ಅದು ಬಯಲಿನಲ್ಲಿ ನಿಂತಿತ್ತು. 1873ರಲ್ಲಿ ಅದನ್ನು ಒಳಗೆ ತಂದರು, ಚೌಕದಲ್ಲಿ ಈಗ ಇರುವುದು ಪ್ರತಿಕೃತಿ. ದೇಹಕ್ಕೆ ಹೋಲಿಸಿದರೆ ಬಲಗೈ ಬಲು ದೊಡ್ಡದು. ಅಂಗೈಯ ಹಿಂಬದಿಯ ನರಗಳು ಉಬ್ಬಿ ನಿಂತಿರುವುದನ್ನು ನೋಡಿ ಹೆಂಡತಿ, “ರಕ್ತದ ಒತ್ತಡ ನೋಡಬಹುದು” ಎಂದಳು. ಓಣಿಯ ಗೋಡೆಗಳಲ್ಲಿ ನಮ್ಮ ತಲೆಗಿಂತ ಎಷ್ಟೋ ಎತ್ತರದಲ್ಲಿ ಸಣ್ಣ ಕಲ್ಲುಫಲಕಗಳಿವೆ. 1966ರ ನವೆಂಬರ್ 4ರಂದು ಆರ್ನೊ ನದಿಯ ನೀರು ಅಲ್ಲಿಯವರೆಗೆ ಬಂದಿತ್ತೆಂಬ ಗುರುತು. ಉಫೀಜಿ ಗ್ಯಾಲರಿಯಲ್ಲಿ ನಾಲ್ಕು ಗಂಟೆ ಕಳೆದೆವು. ಚಿತ್ರಕಲೆಯ ಬಗ್ಗೆ ತಿಳಿಯದೆ ಬರೆಯುವುದು ತರವಲ್ಲವಾದ್ದರಿಂದ ಅದನ್ನು ಬಿಡುತ್ತೇನೆ.

ಕೊನೆಯ ಬೆಳಿಗ್ಗೆ ಎಂಟಕ್ಕೇ ಬಾಗಿಲಲ್ಲಿ ನಿಂತೆ. 463 ಮೆಟ್ಟಿಲು, ಲಿಫ್ಟ್ ಇಲ್ಲ. ಮೊದಲ ಭಾಗದ ಮೆಟ್ಟಿಲಿನ ಸುರುಳಿ ಮುಗಿದು ಒಳಮೊಗಸಾಲೆಗೆ ಬಂದರೆ, ತಲೆಯ ಮೇಲೆಯೇ ವಸಾರಿ ಮತ್ತು ಜುಕ್ಕರಿ ಬರೆದ ಅಂತಿಮ ತೀರ್ಪಿನ ದೊಡ್ಡ ಚಿತ್ರ. ನರಕದ ಭಾಗವೇ ಹತ್ತಿರಕ್ಕೆ ಬರುವಂತೆ ಬರೆದಿದ್ದಾರೆ. ಅಲ್ಲಿಂದ ಮುಂದೆ ಹೊರ ಮತ್ತು ಒಳ ಚಿಪ್ಪುಗಳ ನಡುವೆ ಹೋಗುವ ದಾರಿ. ಆ ಇಕ್ಕಟ್ಟಿನಲ್ಲಿಯೇ ನಾನು ಇಡೀ ಪ್ರವಾಸದಲ್ಲಿ ನೋಡಬೇಕಾದದ್ದನ್ನು ನೋಡಿದೆ: ಇಟ್ಟಿಗೆಯ ಸಾಲು. ಕೆಲವು ಇಟ್ಟಿಗೆಗಳನ್ನು ಮಲಗಿಸಿ ಇಟ್ಟಿದ್ದಾರೆ. ನಡುನಡುವೆ ಒಂದೊಂದನ್ನು ನಿಲ್ಲಿಸಿದ್ದಾರೆ. ಮುಂದಿನ ಸಾಲಿನಲ್ಲಿ ನಿಂತ ಇಟ್ಟಿಗೆ ತುಸು ಪಕ್ಕಕ್ಕೆ ಸರಿದಿದೆ, ಅದರ ಮುಂದಿನದರಲ್ಲಿ ಇನ್ನೂ ತುಸು. ಹೀಗೆ ನಿಂತ ಇಟ್ಟಿಗೆಗಳು ಓರೆಯಾಗಿ, ಮೀನಿನ ಮುಳ್ಳಿನಂತೆ, ಗುಮ್ಮಟದ ಮೈಯನ್ನು ಸುತ್ತುತ್ತ ಏರುತ್ತವೆ. ಒಳಕ್ಕೆ ಬಾಗುವ ಗೋಡೆಯಲ್ಲಿ ಗಾರೆ ಒಣಗುವ ಮುನ್ನ ಇಟ್ಟಿಗೆ ಜಾರಿಬೀಳಬೇಕು. ಎರಡು ನಿಂತ ಇಟ್ಟಿಗೆಗಳ ನಡುವೆ ಸಿಕ್ಕಿಕೊಂಡದ್ದು ಜಾರುವಂತಿಲ್ಲ. ಪುಸ್ತಕದ ಸಾಲು ಬೀಳದಿರಲು ಆಚೆ ಈಚೆ ಭಾರವಿಟ್ಟಂತೆ. ಕೆಳಗಿನಿಂದ ಸಾರುವೆ ಏಕೆ ಬೇಕಾಗಲಿಲ್ಲವೆಂಬುದು ಅಂಗೈಯನ್ನು ಆ ಇಟ್ಟಿಗೆಯ ಮೇಲಿಟ್ಟಾಗ ಅರ್ಥವಾಯಿತು. ಇಂಥ ಇಟ್ಟಿಗೆ ನಲವತ್ತು ಲಕ್ಷಕ್ಕೂ ಹೆಚ್ಚು. ಪಕ್ಕದಲ್ಲಿಯೇ, ನಮ್ಮೂರಿನ ಗುಮ್ಮಟದಲ್ಲಿರುವಂತೆ, ಯಾರದೋ ಹೆಸರು, ಬಾಣ ತಾಗಿದ ಹೃದಯ.

ಇಳಿದು ಬಂದಾಗ ಹೆಂಡತಿ ಚರ್ಚಿನ ದಕ್ಷಿಣ ಬದಿಯಲ್ಲಿ ಬ್ರುನೆಲೆಸ್ಕಿಯ ಮೂರ್ತಿಯ ಎದುರು ಕುಳಿತಿದ್ದಳು. ಮಡಿಲಲ್ಲಿ ನಕ್ಷೆ ಹಿಡಿದು ಕುಳಿತ ಆ ಮನುಷ್ಯ ಕತ್ತೆತ್ತಿ ತನ್ನ ಗುಮ್ಮಟವನ್ನೇ ನೋಡುತ್ತಿದ್ದಾನೆ. “ಇವನಿಗೂ ಟಿಕೆಟ್ ಸಿಕ್ಕಿಲ್ಲ ಅನ್ಸುತ್ತೆ” ಎಂದಳು.

ರೋಮ್‌ಗೆ ಮರಳುವ ರೈಲಿನಲ್ಲಿ ಹೋಟೆಲಿನ ಕಾಗದದ ಹಿಂದೆ ಲೆಕ್ಕಕ್ಕೆ ಕುಳಿತೆ. ಫ್ಲಾರೆನ್ಸ್ 45, ಪ್ಯಾಂಥಿಯನ್ 43.3, ಸೇಂಟ್ ಪೀಟರ್ಸ್ 42, ನಮ್ಮದು 38. ನಮ್ಮ ಹೊರವ್ಯಾಸ 44 ಮೀಟರ್ ನಿಜ. ಆದರೆ ಹೊರಗಿನದನ್ನು ಒಬ್ಬರ ಒಳಗಿನದಕ್ಕೆ ಹೋಲಿಸುವುದು ಪರೀಕ್ಷೆಯಲ್ಲಿ ನಕಲು ಮಾಡಿದಂತೆ. ಎರಡು ಊರು ನೋಡುವಷ್ಟರಲ್ಲಿ ಎರಡನೆಯದು ಹೋಗಿ ನಾಲ್ಕನೆಯದಾಗಿತ್ತು. ಬೇಸರವಾಗಲಿಲ್ಲವೆಂದರೆ ಸುಳ್ಳು. ಆಮೇಲೆ ನೆಲದ ಲೆಕ್ಕ ಹಾಕಿದೆ. ಪ್ಯಾಂಥಿಯನ್‌ನ ನೆಲ ವೃತ್ತ: ಸುಮಾರು 1,470 ಚದರ ಮೀಟರ್. ಗೋಳಗುಮ್ಮಟದ ನೆಲ 135 ಅಡಿಯ ಚೌಕ: ಸುಮಾರು 1,690. ಗುಮ್ಮಟ ಸಣ್ಣದು, ಅದು ಮುಚ್ಚಿದ ನೆಲ ದೊಡ್ಡದು! ಪ್ಯಾಂಥಿಯನ್ ವೃತ್ತದ ಮೇಲೆ ವೃತ್ತವನ್ನಿಟ್ಟಿದೆ. ಫ್ಲಾರೆನ್ಸ್ ಎಂಟು ಮೂಲೆಯ ಮೇಲೆ ಎಂಟು ಮೂಲೆಯನ್ನು. ಸೇಂಟ್ ಪೀಟರ್ಸ್ ನಾಲ್ಕು ಭಾರೀ ಕಂಬಗಳ ನಡುವೆ ಕಮಾನು ಹೂಡಿದೆ. ನಮ್ಮವರಾದರೋ ನಾಲ್ಕು ಗೋಡೆಯ ಬರಿಯ ಚೌಕದಲ್ಲಿ ಎಂಟು ಕಮಾನುಗಳನ್ನು ಒಂದಕ್ಕೊಂದು ಅಡ್ಡಹಾಯುವಂತೆ ಎಬ್ಬಿಸಿ, ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳ ನಕ್ಷತ್ರ ಮಾಡಿ, ಅದರ ನಡುವಿನ ವೃತ್ತದ ಮೇಲೆ ಗುಮ್ಮಟ ಕೂರಿಸಿದ್ದಾರೆ. ಇದನ್ನು ಇಟಲಿಯ ಆ ಮೂರರಲ್ಲಿ ಯಾವುದೂ ಮಾಡಿಲ್ಲ. ಮೂವತ್ತೊಂದು ವರ್ಷ ಎಷ್ಟು ದೊಡ್ಡದೆಂದು ಹೇಳಿದೆನೇ ಹೊರತು, ಹೇಗೆ ನಿಂತಿದೆಯೆಂದು ಒಂದು ಸಲವೂ ಬರೆದು ತೋರಿಸಿರಲಿಲ್ಲ. ಜ್ಯಾಮಿತಿಯ ಅಷ್ಟು ಒಳ್ಳೆಯ ಪಾಠ ಶಾಲೆಯ ಕಿಟಕಿಯಿಂದ ಕಾಣುತ್ತಿತ್ತು.

ಊರಿಗೆ ಬಂದ ಎರಡನೆಯ ವಾರ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಇಬ್ಬರೂ ಗೋಳಗುಮ್ಮಟಕ್ಕೆ ಹೋದೆವು. ಶಾಲೆಯ ಮಕ್ಕಳ ಗುಂಪೊಂದು ಆಗಲೇ ಕೂಗಾಟ ಹಚ್ಚಿತ್ತು. ಗೈಡು ಅವರಿಗೆ ‘ದುನಿಯಾದಾಗ ಎರಡನೇದು’ ಎನ್ನುತ್ತಿದ್ದ. ನಾನು ಬಾಯಿ ಹಾಕಲಿಲ್ಲ. ನೆಲದ ನಡುವೆ ನಿಂತು ಮೂಲೆಯಿಂದ ಮೂಲೆಗೆ ಕಮಾನುಗಳನ್ನು ಬೆರಳಿನಿಂದ ಎಣಿಸಿದೆ. ಮಕ್ಕಳಲ್ಲಿ ಇಬ್ಬರು ನನ್ನನ್ನು ನೋಡಿ ತಾವೂ ಎಣಿಸತೊಡಗಿದರು. ಆಮೇಲೆ ಮೂಲೆಯ ಗೋಪುರದ ಕಡಿದಾದ ಮೆಟ್ಟಿಲುಗಳನ್ನು, ಏಳು ಅಂತಸ್ತು, ನಿಂತು ನಿಂತು ಹತ್ತಿದೆವು. ಮಕ್ಕಳು ಇಳಿದು ಹೋದ ಮೇಲೆ ಹೆಂಡತಿ ಮೊಗಸಾಲೆಯ ಆಚೆ ಬದಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕುಳಿತಳು. ಮೂವತ್ತೆಂಟು ಮೀಟರಿನ ಆಚೆ ಅವಳ ಸೀರೆಯ ಬಣ್ಣ ಮಾತ್ರ ಕಾಣುತ್ತಿತ್ತು. ನಾನು ಗೋಡೆಗೆ ಕಿವಿಯಿಟ್ಟೆ. ಕಲ್ಲಿನೊಳಗಿಂದಲೇ ಎಂಬಂತೆ, ಪಕ್ಕದಲ್ಲಿ ಕುಳಿತು ಪಿಸುಗುಟ್ಟಿದಷ್ಟು ಸ್ಪಷ್ಟವಾಗಿ, ಅವಳ ದನಿ ಬಂತು:

“ಮೇಷ್ಟ್ರೇ, ಹದಿನೈದರಲ್ಲಿ ಹನ್ನೆರಡು ಕಳೆದರೆ ಎಷ್ಟು?”